ಮೂವರು ಕೂತರೆ ಸಭೆ

ಮೂವರು ಹೆಂಗಸರು ಒಂದೇ ಮನೆಯಲ್ಲಿ ಕೂತು ಕೋಸಂಬರಿ ತಿಂದರೆ ಸರ್ಕಾರಕ್ಕೆ ಸಮಜಾಯಿಷಿ ಕೊಡಬೇಕಾಗುವ ಊರೊಂದು ಈ ಭೂಮಿಯ ಮೇಲಿದೆ. ನಾನು ಹೋಗಿ ನೋಡಿ ಬಂದಿದ್ದೇನೆ. ನೋಡಿ ಬಂದದ್ದೇನು, ಚಾಪೆ ಹಾಸಿದವಳೂ ನಾನೇ, ಕೋಸಂಬರಿ ಕಲೆಸಿದವಳೂ ನಾನೇ.

ನಮ್ಮೂರು ಮಧುರೆಯಿಂದ ಸ್ವಲ್ಪ ಒಳಗೆ. ಒಂದು ಮನೆ, ಎರಡು ಹಸು, ಶನಿವಾರ ಶನಿಮಹಾತ್ಮನ ದರ್ಶನ, ವರ್ಷಕ್ಕೆ ಒಂದೆರಡು ಸಲ ಘಾಟಿ ಸುಬ್ರಹ್ಮಣ್ಯ. ನನ್ನ ಪ್ರಪಂಚದ ಉದ್ದಗಲ ಇಷ್ಟೇ. ದೇವನಹಳ್ಳಿಯಿಂದ ಎದ್ದ ವಿಮಾನ ಹಿತ್ತಿಲ ಮೇಲೆ ಹೋದಾಗ, ಒಣಹಾಕಿದ ಸಂಡಿಗೆಗೆ ಅದರ ಹೊಗೆ ತಾಕಿತೇನೋ ಎಂದು ಗೊಣಗಿದ್ದೆನೇ ಹೊರತು, ಅದರೊಳಗೆ ನಾನು ಕೂರುತ್ತೇನೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕೂರಿಸಿದವಳು ನನ್ನ ತಂಗಿ ನಾಗರತ್ನ. ಅಮೆರಿಕದ ನಡುಮಧ್ಯೆ, ಜೋಳದ ಹೊಲಗಳ ನಡುವೆ ಇರುವ ಬೆಲ್ಫೋರ್ಡ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವಳು ನರ್ಸು. ಮದುವೆ ಬೇಡವೆಂದು ಒಬ್ಬಳೇ ಇದ್ದಾಳೆ. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜಾರಿ ಕಾಲಿನ ಗಿಣ್ಣು ಮುರಿದುಕೊಂಡಳು. ಬೀಳಲು ಆಸ್ಪತ್ರೆಗಿಂತ ಒಳ್ಳೆಯ ಜಾಗ ಯಾವುದಿದೆ, ಅದೂ ಒಂದು ಪುಣ್ಯವೇ.

"ಅಕ್ಕಾ, ಇಲ್ಲಿ ಎಲ್ಲಾ ಸಿಗುತ್ತೆ ಕಣೇ, ಒಂದ್ ಲೋಟ ನೀರು ತಂದ್ಕೊಡೋರು ಮಾತ್ರ ಸಿಗಲ್ಲ" ಎಂದು ಫೋನಿನಲ್ಲಿ ಅತ್ತಳು.

ಹಿಂದೊಮ್ಮೆ ಅವಳೇ ಮಾಡಿಸಿದ್ದ ವೀಸಾ ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿ ಮಲಗಿತ್ತು. ನಮ್ಮ ಮನೆಯವರು, "ಹೋಗ್ಬಿಟ್ಟು ಬಾ, ಹಸುಗಳ್ನ ನಾನ್ ನೋಡ್ಕೊಂತೀನಿ" ಎಂದರು. ಹಸುಗಳೇ ಅವರನ್ನು ನೋಡಿಕೊಳ್ಳಲಿ ಎಂದು ದೇವರಿಗೆ ಕೈಮುಗಿದು ಹೊರಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಎಲ್ಲರೂ ಆಡಿದ್ದು ಇಂಗ್ಲಿಷು. ಅರ್ಧ ನನಗೇ ತಿಳಿಯಿತು, ಅರ್ಧ ನಾಗು ತಿಳಿಸಿದಳು. ನನ್ನ ತಲೆಯೊಳಗೆ ಉಳಿದಿರುವುದು ಮಾತ್ರ ನಮ್ಮೂರ ಕನ್ನಡವಾಗಿ. ಹಾಗೆಯೇ ಬರೆಯುತ್ತೇನೆ.

ಇಳಿದ ಕೂಡಲೇ

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಬ್ಬ ದಢೂತಿ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿ, ಕುಂಕುಮದ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ.

"ಏನಮ್ಮಾ ಇದು?"

"ದೇವರದು."

"ತಿನ್ನೋದಾ?"

"ಇಟ್ಕೊಳ್ಳೋದು" ಎಂದು ಹಣೆ ತೋರಿಸಿದೆ.

ಅವನು ಗ್ಲೌಸು ಹಾಕಿದ ಬೆರಳಲ್ಲಿ ಪುಡಿಯನ್ನು ಮುಟ್ಟಿ, ಒಂದು ಕಾಗದದ ಚೂರಿಗೆ ಸವರಿ, ಯಂತ್ರಕ್ಕೆ ಕೊಟ್ಟು ಕಾದ. ಕಾಯುವಾಗ ಬೆವರು ಒರೆಸಿಕೊಂಡ. ಒರೆಸಿದ್ದು ಅದೇ ಕೈಯಲ್ಲಿ. ಎರಡು ಹುಬ್ಬಿನ ನಡುವೆ ಉದ್ದಕ್ಕೆ ಕೆಂಪು ನಾಮ ಮೂಡಿತು. ಪರದೇಶಕ್ಕೆ ಕಾಲಿಟ್ಟ ಗಳಿಗೆಯಲ್ಲಿ ಸರ್ಕಾರವೇ ಎದುರು ನಿಂತು ಕುಂಕುಮ ಇಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಶಕುನ ಯಾವುದು? ಪೊಟ್ಟಣವನ್ನು ಹಿಂದಕ್ಕೆ ಕೊಟ್ಟ. ಮೇಲೊಂದು ಪ್ಲಾಸ್ಟಿಕ್ ಚೀಲವನ್ನೂ ಪುಕ್ಕಟೆ ಕೊಟ್ಟ.

ನಾಗುವಿನ ಜಗುಲಿ

ಬೆಲ್ಫೋರ್ಡಿನ ಮನೆಗಳಿಗೆ ಕಾಂಪೌಂಡಿಲ್ಲ. ಆದರೂ ಯಾರೂ ಯಾರ ಮನೆಗೂ ಸುಮ್ಮನೆ ನುಗ್ಗುವುದಿಲ್ಲ. ಪಕ್ಕದ ಮನೆಯವರೂ ಫೋನು ಮಾಡಿ "ಬರಲಾ?" ಎಂದು ಕೇಳಿ ಬರುತ್ತಾರೆ. ನಮ್ಮ ಬೀದಿಯಲ್ಲಿ ಹಾಗೆ ಕೇಳಿದರೆ, ಇವಳಿಗೂ ನಮಗೂ ಏನು ಜಗಳವಾಗಿತ್ತು ಎಂದು ರಾತ್ರಿಯೆಲ್ಲ ಯೋಚನೆ ಮಾಡುತ್ತಾರೆ.

ಹಾಗೆ ಫೋನು ಮಾಡಿ ಬಂದವಳು ಪಕ್ಕದ ಮನೆಯ ಡಾರ್ಲೀನ್. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ಮೊದಲು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳಂತೆ. ಗಂಡನಿಲ್ಲ, ಮಕ್ಕಳಿಲ್ಲ. ಜಡ್ಜ್ ಎಂಬ ಹೆಸರಿನ ಬೆಕ್ಕಿದೆ. ಬಂದವರನ್ನೆಲ್ಲ ಅಪರಾಧಿಗಳನ್ನು ನೋಡುವ ಹಾಗೆ ನೋಡುತ್ತದೆ, ಅದಕ್ಕೇ ಆ ಹೆಸರು.

ಡಾರ್ಲೀನಳಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಮೂರು ಬೆಳಗ್ಗೆ ಡಯಾಲಿಸಿಸ್. ಅದು ಬೆಲ್ಫೋರ್ಡಿನಲ್ಲಿಲ್ಲ. ನಮ್ಮೂರಿಂದ ತುಮಕೂರಿಗೆ ಹೋಗುವಷ್ಟು ದೂರದ ದೊಡ್ಡ ಊರಿಗೆ ಹೋಗಬೇಕು. ಬಸ್ಸಿಲ್ಲ. ಕಾರು ಓಡಿಸುವ ಹಾಗಿಲ್ಲ. ಇದ್ದದ್ದು ಒಂದೇ, ಪುರಸಭೆಯ ಬಿಳಿ ವ್ಯಾನು. ಕಾಲು ಮುರಿದ ನಾಗುವೂ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗುತ್ತಿದ್ದದ್ದು ಅದರಲ್ಲೇ. ಆ ವ್ಯಾನನ್ನು ತಿಂಗಳ ಕೊನೆಗೆ ನಿಲ್ಲಿಸುವುದೆಂದು ಪುರಸಭೆಯ ಐದು ಜನ ಸದಸ್ಯರು ಕೂತು ತೀರ್ಮಾನ ಮಾಡಿಬಿಟ್ಟಿದ್ದರು.

"ನಿಂತೋದ್ರೆ ಏನ್ ಮಾಡ್ತೀಯಮ್ಮಾ?" ಎಂದು ಕೇಳಿದೆ.

"ಮನೆ ಖಾಲಿ ಮಾಡಿ ಆ ದೊಡ್ಡೂರಿನ ಆಸ್ಪತ್ರೆ ಪಕ್ಕದ ವೃದ್ಧಾಶ್ರಮ ಸೇರ್ಬೇಕು" ಎಂದಳು. ಆಮೇಲೆ ಬೆಕ್ಕಿನ ತಲೆ ಸವರಿ, "ಅಲ್ಲಿ ಜಡ್ಜ್‌ನ ಸೇರಿಸ್ಕೊಳಲ್ವಂತೆ" ಎಂದಳು.

ಅದುವರೆಗೆ ಗಟ್ಟಿಯಾಗಿದ್ದ ಧ್ವನಿ ಬೆಕ್ಕಿನ ಹೆಸರಿಗೆ ಬಂದಾಗ ಒಡೆಯಿತು. ನಾನು ಅಲ್ಲೇ ಕೂತು ಮನಸ್ಸಿನಲ್ಲಿ ಘಾಟಿಯ ಕಡೆ ತಿರುಗಿದೆ. ಯಾವ ದಿಕ್ಕೋ ಗೊತ್ತಾಗಲಿಲ್ಲ, ಸುಮ್ಮನೆ ಬಾಗಿಲ ಕಡೆಗೇ ಕೈಮುಗಿದೆ. ಸ್ವಾಮಿ, ಈ ಹೆಂಗಸಿನ ವ್ಯಾನು ಉಳಿಸು, ಅವಳ ಹೆಸರಲ್ಲಿ ಅಭಿಷೇಕ ಮಾಡಿಸ್ತೀನಿ.

"ಏನ್ ಮಾಡ್ತಿದೀಯೇ?" ಎಂದಳು ನಾಗು.

"ಅರ್ಜಿ ಹಾಕ್ದೆ."

"ಅವಳೂ ಹಾಕಿದಾಳೆ ಅಕ್ಕಾ" ಎಂದು ನಾಗು ನಕ್ಕಳು. ಆ ಕಥೆ ಕೇಳಬೇಕೆಂದರೆ ಟೌನ್ ಹಾಲಿಗೆ ಹೋಗಬೇಕು.

ಟೌನ್ ಹಾಲಿನ ಬಾಗಿಲು

ಮರುದಿನ ಡಾರ್ಲೀನ್ ನನ್ನನ್ನು ಕರೆದುಕೊಂಡು ಹೋಗಿ ಒಂದು ಗಾಜಿನ ಬಾಗಿಲ ಮುಂದೆ ನಿಲ್ಲಿಸಿದಳು. ಬೇರೆಯವರು ಊರಿಗೆ ಬಂದ ನೆಂಟರಿಗೆ ಕೆರೆ, ಚರ್ಚು ತೋರಿಸುತ್ತಾರೆ. ಇವಳು ಬಾಗಿಲು ತೋರಿಸಿದಳು.

ಆ ದೇಶದಲ್ಲಿ ಪುರಸಭೆ ಸೇರುವ ಮೊದಲು ಎಲ್ಲಿ, ಯಾವಾಗ, ಯಾವ ವಿಷಯ ಎಂದು ಜನ ಓದುವ ಹಾಗೆ ಚೀಟಿ ಅಂಟಿಸಬೇಕು. ಯಾರು ಬೇಕಾದರೂ ಬಂದು ಕೂರಬಹುದು. ವ್ಯಾನಿನ ವಿಷಯ ಇದ್ದ ದಿನ ಟೌನ್ ಹಾಲಿಗೆ ಬಣ್ಣ ಬಳಿಯುತ್ತಿದ್ದರಂತೆ. ಸಭೆಯನ್ನು ಬೆಂಕಿ ಆರಿಸುವ ಲಾರಿಗಳ ಶೆಡ್ಡಿಗೆ ಬದಲಾಯಿಸಿದರು. ಹಾಗಂತ ಚೀಟಿಯನ್ನೂ ಬರೆದರು.

"ಬರೆದ್ರು, ಇಲ್ಲಾ ಅನ್ನಲ್ಲ. ಈ ಗಾಜಿಗೇ ಅಂಟಿಸಿದ್ರು, ಅದೂ ಹೌದು. ಒಳಗಡೆಯಿಂದ, ಒಳಗಡೆ ಮುಖ ಮಾಡಿ ಅಂಟಿಸಿದ್ರು. ಆಮೇಲೆ ಬೀಗ ಹಾಕ್ಕೊಂಡು ಹೋದ್ರು. ಯಾರು ಓದ್ಬೇಕು ಅದ್ನ? ಬಣ್ಣದ ಡಬ್ಬ ಓದ್ಬೇಕಾ?" ಎಂದಳು ಡಾರ್ಲೀನ್.

ಅವತ್ತು ಡಾರ್ಲೀನ್ ಸಂಜೆಯವರೆಗೂ ಅಲ್ಲೇ ನಿಂತಿದ್ದಳಂತೆ. ಎರಡು ಕೈ ಕಣ್ಣ ಪಕ್ಕ ಇಟ್ಟುಕೊಂಡು ಗಾಜಿನಲ್ಲಿ ಇಣುಕಿದರೆ ಕಂಡದ್ದು ಬಿಳಿ ಕಾಗದದ ಬೆನ್ನು. ಮರುದಿನ ಪುರಸಭೆಯ ಅಧ್ಯಕ್ಷ ಗ್ಯಾರಿಯನ್ನು ಕೇಳಿದಳು. ಆತನಿಗೆ ಮೊಳೆ, ಸುತ್ತಿಗೆ ಮಾರುವ ಅಂಗಡಿ ಇದೆ.

"ಗಾಜು ಅಂದ್ಮೇಲೆ ಆ ಕಡೆಯಿಂದ ಕಾಣುತ್ತೆ. ನಿನ್ ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರ್ಸು" ಅಂದನಂತೆ.

"ನಂದು ಕೆಟ್ಟಿರೋದು ಕಿಡ್ನಿ, ಕಣ್ಣಲ್ಲ" ಎಂದು ಇವಳು ರಾಜ್ಯ ಸರ್ಕಾರದ ಒಂದು ಕಚೇರಿಗೆ ದೂರು ಕಳಿಸಿಬಿಟ್ಟಳು.

ಇಂಥ ಜಗಳಗಳಿಗೆಂದೇ ಅಲ್ಲೊಂದು ಕಚೇರಿ ಇದೆ. ಸರ್ಕಾರದವರು ಕಾಗದ ತೋರಿಸಲಿಲ್ಲ, ಸಭೆಗೆ ಬಿಡಲಿಲ್ಲ ಎಂದರೆ ಅವರು ಬರುತ್ತಾರೆ. ಕೋರ್ಟಿಲ್ಲ, ಲಾಯರಿಲ್ಲ. ಮೊದಲು ಎರಡೂ ಕಡೆಯವರನ್ನು ಒಂದು ಮೇಜಿನ ಸುತ್ತ ಕೂರಿಸುತ್ತಾರೆ, ಗಂಡ ಹೆಂಡತಿ ಜಗಳದಲ್ಲಿ ಹಿರಿಯರು ಕೂರಿಸುವ ಹಾಗೆ. ಅಲ್ಲಿಗೂ ಆಗದಿದ್ದರೆ ಆಮೇಲೆ ಮುಂದಿನದು.

ನನಗೆ ನಮ್ಮೂರು ನೆನಪಾಯಿತು. ನಮ್ಮಲ್ಲೂ ಮಾಹಿತಿ ಹಕ್ಕು ಇದೆ. ನನ್ನ ಮೈದುನ ಒಮ್ಮೆ ಚರಂಡಿ ವಿಷಯಕ್ಕೆ ಅರ್ಜಿ ಹಾಕಿದ. ಅರ್ಜಿಗೆ ಉತ್ತರ ಬರುವ ಮೊದಲೇ, ಅರ್ಜಿ ಹಾಕಿದ್ದು ಯಾಕೆ ಎಂದು ಕೇಳಲು ನಾಲ್ಕು ಜನ ಮನೆಗೆ ಬಂದರು. ಕಾಫಿ ಕುಡಿದು, ಚಕ್ಕುಲಿ ತಿಂದು, "ನಮ್ ಹುಡುಗ ಅಲ್ವಾ ನೀನು" ಎಂದು ಬೆನ್ನು ಸವರಿ ಹೋದರು. ಚರಂಡಿ ಹಾಗೇ ಇದೆ. ಇನ್ನು ಗ್ರಾಮಸಭೆ. ನಮ್ಮ ಮನೆಯವರು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಲೇ ಎಷ್ಟೋ ಗ್ರಾಮಸಭೆಗಳಿಗೆ ಹಾಜರಾಗಿದ್ದಾರೆ. ಸಹಿಯ ಪುಸ್ತಕ ಅವರಿದ್ದಲ್ಲಿಗೇ ಬರುತ್ತದೆ. ಇದನ್ನು ಡಾರ್ಲೀನಳಿಗೆ ಹೇಳಿದೆ.

"ಮನೆ ಬಾಗಿಲಿಗೇ ಬರುತ್ತಾ?" ಎಂದು ಅವಳು ಬೆರಗಾದಳು. "ಎಷ್ಟು ಒಳ್ಳೆ ಸರ್ಕಾರ!"

ದೇಶದ ಮಾನದ ಪ್ರಶ್ನೆ. ಹೌದು ಎಂದು ತಲೆಯಾಡಿಸಿದೆ.

ವರಮಹಾಲಕ್ಷ್ಮಿಯ ಶುಕ್ರವಾರ

ಸಂಧಾನಕ್ಕೆ ಬರುವ ಅಧಿಕಾರಿ ಮುಂದಿನ ಬುಧವಾರ ಬರುತ್ತಾನೆಂದು ಗೊತ್ತಾಯಿತು. ಅದಕ್ಕೆ ಮೊದಲು ಶುಕ್ರವಾರ ವರಮಹಾಲಕ್ಷ್ಮಿ. ವ್ರತ ಬಿಟ್ಟವಳಲ್ಲ ನಾನು. ಅಂಗಡಿಯಲ್ಲಿ ಸಿಕ್ಕಿದ್ದು ಜುಟ್ಟಿಲ್ಲದ ಬೋಳು ತೆಂಗಿನಕಾಯಿ, ಮಾವಿನೆಲೆಯ ಬದಲು ಡಾರ್ಲೀನಳ ಅಂಗಳದ ಯಾವುದೋ ಮರದ ಎಲೆ. ತಾಯಿ ಹೊಂದಿಕೊಂಡಳು. ಆದರೆ ಅರಿಶಿನ ಕುಂಕುಮಕ್ಕೆ ಮುತ್ತೈದೆಯರು ಬೇಕಲ್ಲ?

ನಾಗು ಮಾತ್ರೆ ನುಂಗಿ ಮಲಗಿದ್ದಳು. ನಾನು ಕುಂಕುಮದ ಬಟ್ಟಲು ಹಿಡಿದು, ನಮ್ಮ ಬೀದಿಯಲ್ಲಿ ಕರೆಯುವ ಹಾಗೆಯೇ ಮನೆಮನೆ ಕರೆಯಲು ಹೊರಟೆ. ಫೋನು ಮಾಡದೆ ಹೋದೆ. ಕೈಯಲ್ಲಿದ್ದ ಇಂಗ್ಲಿಷು ಇಷ್ಟು: "ಫ್ರೈಡೇ. ಮೈ ಸಿಸ್ಟರ್ ಹೌಸ್. ಗಾಡ್. ಈಟ್." ಬೇಕರಿಯ ಲಿಂಡಾ ಬರುತ್ತೇನೆಂದಳು. ಪೋಸ್ಟಾಫೀಸಿನ ದಪ್ಪ ಕನ್ನಡಕದವಳು ಬರುತ್ತೇನೆಂದಳು. ಎರಡು ನಾಯಿ ಹಿಡಿದು ಓಡಾಡುವ ಎತ್ತರದವಳೂ ಬರುತ್ತೇನೆಂದಳು. ಮೂವರೂ ಮುತ್ತೈದೆಯರೇ, ಬೆರಳ ಉಂಗುರ ನೋಡಿಯೇ ಕರೆದದ್ದು.

ಶುಕ್ರವಾರ ಮೊದಲು ಲಿಂಡಾ ಬಂದಳು, ಹಿಂದೆಯೇ ಕನ್ನಡಕದವಳು. ಚಾಪೆಯ ಮೇಲೆ ಕಾಲು ಮಡಿಸಲಾಗದೆ ಒದ್ದಾಡಿ, ಕಡೆಗೆ ಗೋಡೆಗೆ ಒರಗಿ ಕೂತರು. ಹಣೆಗೆ ಕುಂಕುಮ ಇಟ್ಟು ಬಲಗೈಗೆ ಅರಿಶಿನದ ದಾರ ಕಟ್ಟಿದೆ. "ಇದು ತಾನಾಗೇ ಬಿಚ್ಕೊಳ್ಳೋವರೆಗೂ ತೆಗೀಬಾರ್ದು" ಎಂದೆ. ಅಷ್ಟು ಹೊತ್ತಿಗೆ ಎತ್ತರದವಳು ಬಾಗಿಲಿಗೆ ಬಂದಳು. ಹೊಸಿಲ ಮೇಲೆ ಒಂದು ಕಾಲಿಟ್ಟವಳು ಒಳಗೆ ನೋಡಿ, ಹಾವು ಕಂಡವಳ ಹಾಗೆ ಹಿಂದಕ್ಕೆ ಜಿಗಿದಳು.

"ನಾನ್ ಒಳಗ್ ಬರಂಗಿಲ್ಲ!"

ನಮ್ಮ ಕಡೆ ಹೆಂಗಸೊಬ್ಬಳು ಹಬ್ಬದ ದಿನ ಹೊಸಿಲಾಚೆ ನಿಂತು ಹೀಗಂದರೆ ಅದಕ್ಕೆ ಎರಡೇ ಅರ್ಥ. ನಾನು ಹತ್ತಿರ ಹೋಗಿ, ಗಂಡಸರಿಗೆ ಕೇಳಿಸದ ದನಿಯಲ್ಲಿ, "ಸೂತಕಾನಾ? ಇಲ್ಲಾ ಮುಟ್ಟಾ?" ಎಂದು ಕನ್ನಡದಲ್ಲೇ ಕೇಳಿದೆ. ಮನೆಯಲ್ಲಿ ಗಂಡಸರೇ ಇರಲಿಲ್ಲ, ಅಭ್ಯಾಸ. ಒಳಗಿನಿಂದ ನಾಗು ಕುರ್ಚಿಯ ಮೇಲೆಯೇ ಕೂಗಿದಳು.

"ಅಯ್ಯೋ ಅಕ್ಕಾ! ಯಾರ್‌ಯಾರ್ನ ಕರೆದ್ಬಿಟ್ಟಿದೀಯೇ? ಈ ಮೂರೂ ಜನ ಪುರಸಭೆ ಮೆಂಬರ್ಸು ಕಣೇ!"

"ಆದ್ರೇನೀಗ? ಮೆಂಬರ್ಸು ಕುಂಕುಮ ಇಟ್ಕೊಬಾರ್ದಾ?"

"ಐದು ಜನದಲ್ಲಿ ಮೂರು ಜನ ಒಂದ್ಕಡೆ ಕೂತ್ರೆ ಅದು ಸಭೆ ಆಗ್ಬಿಡುತ್ತೆ! ಚೀಟಿ ಅಂಟಿಸ್ದೆ ಸಭೆ ಮಾಡಿದ್ರು ಅಂತ ಅವರ ಮೇಲೇ ದೂರು ಹೋಗುತ್ತೆ!"

ಐವರಲ್ಲಿ ಮೂವರೆಂದರೆ ಬಹುಮತ. ಮೂವರು ಕದ್ದು ಕೂತು ತೀರ್ಮಾನ ಮಾಡಿಬಿಟ್ಟರೆ ತೆರೆದ ಸಭೆಯಲ್ಲಿ ಇನ್ನೇನು ಉಳಿಯುತ್ತದೆ? ಆ ಭಯಕ್ಕೆ ಮಾಡಿದ ಕಾನೂನಂತೆ. ಆ ಊರಿನ ಮೆಂಬರುಗಳು ಮದುವೆ ಊಟದಲ್ಲೂ ಮೂವರು ಒಂದು ಮೇಜಿಗೆ ಕೂರುವುದಿಲ್ಲವಂತೆ. ನಮ್ಮ ಕಡೆ ಮೂವರು ಮೆಂಬರುಗಳು ಒಂದು ಮೇಜಿಗೆ ಕೂತರೆ ಉಳಿದವರು, ಅಬ್ಬಾ ರಾಜಿಯಾದರಲ್ಲ ಎಂದು ಸಂತೋಷಪಡುತ್ತಾರೆ.

ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಲು ಸಾಧ್ಯವೇ? ನಾನು ವ್ಯವಸ್ಥೆ ಮಾಡಿದೆ. ಲಿಂಡಾಳನ್ನು ಅಡುಗೆಮನೆಗೆ ಕಳಿಸಿದೆ. ಕನ್ನಡಕದವಳು ದೇವರ ಮುಂದೆ. ಎತ್ತರದವಳಿಗೆ ಜಗುಲಿಯ ಮೇಲೆ ಕುರ್ಚಿ, ಅಲ್ಲೇ ಕುಂಕುಮ, ದಾರ. ತಟ್ಟೆ ಹಿಡಿದು ನಾನು ಮೂರು ಕಡೆ ಓಡಾಡಿದೆ. ಒಬ್ಬಳು ಎದ್ದರೆ ಇನ್ನೊಬ್ಬಳು ಗಾಬರಿಯಿಂದ ಸರಿಯುತ್ತಿದ್ದಳು. ಲಿಂಡಾಗೆ ಬಚ್ಚಲಿಗೆ ಹೋಗಬೇಕಾಯಿತು. ಬಚ್ಚಲಿಗೆ ದಾರಿ ನಡುಮನೆಯಲ್ಲೇ. ಕನ್ನಡಕದವಳು ಹಿತ್ತಿಲಿಗೆ ಹೋಗಿ ನಿಂತಳು. ಮಡಿ ಹೆಂಗಸರನ್ನು ಬೇಕಾದಷ್ಟು ಕಂಡಿದ್ದೇನೆ, ಇಂಥ ಮಡಿ ಕಂಡಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಬಂದಳು ಡಾರ್ಲೀನ್. ಜಗುಲಿಯಲ್ಲಿ ಒಬ್ಬ ಮೆಂಬರು, ಹಿತ್ತಿಲಲ್ಲಿ ಒಬ್ಬ ಮೆಂಬರು, ಅಡುಗೆಮನೆಯಲ್ಲಿ ಇನ್ನೊಬ್ಬಳು, ಮೂವರ ಕೈಯಲ್ಲೂ ದಾರ. ಅವಳ ಕಣ್ಣು ಸಣ್ಣದಾಯಿತು. ಬುಧವಾರ ಎದುರು ಕೂರುವವರ ಜುಟ್ಟು ಕೈಗೆ ಸಿಕ್ಕ ಹಾಗೆ. ನನ್ನ ಕೋಸಂಬರಿಯಿಂದ ಊರಿನ ಜಗಳ ಇನ್ನೂ ದೊಡ್ಡದಾಗಿ, ಅವರೆಲ್ಲ ಅವಳ ಮೇಲೆ ಹಲ್ಲು ಮಸೆದು, ವ್ಯಾನು ಸಂಪೂರ್ಣ ಹೋಗಿಬಿಟ್ಟರೆ?

ಡಾರ್ಲೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಲಿಂಡಾ, ನಿಂಗೇನ್ ಹೆದ್ರಿಕೆ?"

"ಗೊತ್ತಲ್ಲ ನಿಂಗೆ. ಮೂರ್ ಜನ..."

"ಮೂರ್ ಜನ ಕಾಳು ತಿನ್ನೋಕೆ ಇಷ್ಟು ಹೆದರ್ತೀರಾ. ಐದು ಜನ ಸೇರಿ ನನ್ ಮುಖಕ್ಕೆ ಬಾಗ್ಲು ಹಾಕ್ದಾಗ ಒಬ್ಬರಿಗೂ ಹೆದ್ರಿಕೆ ಆಗ್ಲಿಲ್ವಾ?"

ಲಿಂಡಾ ಬಾಯಲ್ಲಿದ್ದ ಕೋಸಂಬರಿಯನ್ನು ಅಗಿಯುವುದು ನಿಲ್ಲಿಸಿದಳು. ಡಾರ್ಲೀನ್ ಅಲ್ಲಿಂದ ತಿರುಗಿದಳು. ಬಂದು ಚಾಪೆಯ ಮೇಲೆ ಕೂತು, ಹಣೆ ಮುಂದೆ ಮಾಡಿದಳು. ಗಂಡನಿಲ್ಲದವಳಿಗೆ ಕುಂಕುಮ ಇಡಬಹುದೋ ಇಲ್ಲವೋ ಎಂದು ನಾನು ಅರೆಗಳಿಗೆ ಯೋಚಿಸಿದ್ದು ನಿಜ. ಕಲಶದ ಕಡೆ ನೋಡಿದೆ. ತಾಯಿ ಬೇಡ ಎನ್ನಲಿಲ್ಲ. ಇಟ್ಟೆ, ಕೈಗೆ ದಾರವನ್ನೂ ಕಟ್ಟಿದೆ.

ಲೈಬ್ರರಿಯ ಗಾಜಿನ ಕೋಣೆ

ಬುಧವಾರ ಬಂದ ಅಧಿಕಾರಿಯ ಹೆಸರು ಓವೆನ್. ತೆಳ್ಳಗೆ, ಮೆತ್ತಗೆ. ತನ್ನ ನೀರಿನ ಬಾಟಲಿ ತಾನೇ ತಂದಿದ್ದ. ನನ್ನ ಉಸಲಿಯ ಡಬ್ಬಿ ಮುಂದೆ ಹಿಡಿದರೆ, ಯಾರ ಕಡೆಯಿಂದಲೂ ಏನೂ ತಿನ್ನುವ ಹಾಗಿಲ್ಲ ಎಂದು ಕೈಮುಗಿದ. ಸರ್ಕಾರಿ ಅಧಿಕಾರಿಯೊಬ್ಬ ತಿನ್ನುವುದಿಲ್ಲ ಎಂದದ್ದನ್ನು ನಾನು ಕಣ್ಣಾರೆ ಕಂಡೆ, ದೇವರಾಣೆಗೂ.

ನಾನೂ ನಾಗುವೂ ಒಳಗೆ ಹೋಗಲು ಹೊರಟೆವು. ಓವೆನ್ ತಡೆದ. ಸಂಧಾನದ ಮಾತು ಗುಟ್ಟಾಗಿ ನಡೆಯಬೇಕು, ಎರಡು ಕಡೆಯವರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಬಾಗಿಲು ಹಾಕಿದರು ಎಂಬ ಜಗಳವನ್ನು ಬಾಗಿಲು ಹಾಕಿಕೊಂಡು ಬಗೆಹರಿಸುತ್ತಾರೆ! ನಾನು ಕಿಸಕ್ಕೆಂದು ನಕ್ಕದ್ದಕ್ಕೆ ಲೈಬ್ರರಿಯವಳು ತುಟಿಗೆ ಬೆರಳಿಟ್ಟಳು.

ಕೋಣೆಗೆ ಗಾಜಿನ ಗೋಡೆ. ಸದ್ದಿಲ್ಲದ ಟೀವಿಯ ಹಾಗೆ ನೋಡುತ್ತ ಕೂತೆವು. ಒಂದು ಕಡೆ ಡಾರ್ಲೀನ್, ಇನ್ನೊಂದು ಕಡೆ ಪುರಸಭೆಯ ಪರವಾಗಿ ಗ್ಯಾರಿ ಮತ್ತು ಲಿಂಡಾ. ಇಬ್ಬರೇ, ಮೂವರಲ್ಲ, ನೋಡಿದಿರಾ. ಗ್ಯಾರಿ ಮೇಜು ಕುಟ್ಟಿದ. ಡಾರ್ಲೀನ್ ತನ್ನ ಕಣ್ಣು ತೋರಿಸಿ ಆಮೇಲೆ ಸೊಂಟ ತೋರಿಸಿದಳು. ಲಿಂಡಾ ಕೈಯೆತ್ತಿ ದಾರ ತೋರಿಸಿ ಏನೋ ಹೇಳುವಾಗ ನಾನು ನಾಗುವಿನ ಕೈ ಹಿಡಿದುಕೊಂಡೆ. ತಾನಾಗಿಯೇ ಕೋಸಂಬರಿ ವಿಷಯ ಒಪ್ಪಿಸುತ್ತಿದ್ದಳು! ಓವೆನ್ ಒಂದು ಪ್ರಶ್ನೆ ಕೇಳಿದ, ಅವಳು ಉತ್ತರಿಸಿದಳು, ಅವನು ನಕ್ಕುಬಿಟ್ಟ. ಪುರಸಭೆಯ ಕೆಲಸದ ಮಾತು ಆಡಿದಿರಾ ಎಂದು ಕೇಳಿದನಂತೆ. ಇಲ್ಲ, ಈ ಬೇಳೆಯನ್ನು ಬೇಯಿಸದೆ ಹೇಗೆ ತಿನ್ನುತ್ತಾರೆ ಎಂದಷ್ಟೇ ಮಾತಾಡಿದೆವು ಎಂದಳಂತೆ. ಹಾಗಾದರೆ ಅದು ಸಭೆಯಲ್ಲ, ತಿಂಡಿ ಎಂದನಂತೆ. ಇದಿಷ್ಟನ್ನು ಮಾತ್ರ, ಇದು ನಿಮ್ಮ ಸುದ್ದಿ ತಾನೇ ಎಂದು, ಲಿಂಡಾ ಆಮೇಲೆ ನಮಗೆ ಹೇಳಿದಳು.

ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದು ಟೌನ್ ಹಾಲಿಗೆ ನಡೆದರು. ಬೀದಿ ಗುಟ್ಟಿನದಲ್ಲವಲ್ಲ, ನಾವೂ ಹಿಂದೆ ಹೋದೆವು. ಓವೆನ್ ಗ್ಯಾರಿಯ ಕೈಗೆ ಒಂದು ಚೀಟಿ ಕೊಟ್ಟು, ಅವತ್ತು ಅಂಟಿಸಿದ ಹಾಗೆಯೇ ಅಂಟಿಸಿ ಎಂದ. ಗ್ಯಾರಿ ಒಳಗೆ ಹೋಗಿ ಅಂಟಿಸಿದ. "ಈಗ ಹೊರಗ್ ಬಂದು ಓದಿ ಸ್ವಾಮಿ" ಎಂದ ಓವೆನ್.

ಗ್ಯಾರಿ ಗಾಜಿನ ಮುಂದೆ ನಿಂತ. ಬಗ್ಗಿದ. ಎರಡು ಕೈ ಕಣ್ಣ ಪಕ್ಕ ಇಟ್ಟುಕೊಂಡ. ಅಷ್ಟು ದೊಡ್ಡ ಆಳು, ಡಾರ್ಲೀನ್ ನಿಂತ ಹಾಗೆಯೇ ನಿಂತಿದ್ದ. ಬೆನ್ನು ನೆಟ್ಟಗೆ ಮಾಡಿದಾಗ ಅವನ ಕಿವಿ ಕೆಂಪಗಾಗಿತ್ತು.

"ಹೊರಗಿನ ಚೌಕಟ್ಟಿನ ಬಣ್ಣ ಒಣಗಿರ್ಲಿಲ್ಲ, ಹೊರಗಡೆ ಅಂಟಿಸಿದ್ರೆ ಕಿತ್ಕೊಂಡ್ ಬರ್ತಿತ್ತು" ಎಂದ ಸಣ್ಣ ದನಿಯಲ್ಲಿ. ಆಮೇಲೆ ಡಾರ್ಲೀನಳ ಕಡೆ ತಿರುಗಿ, "ಕಾಣಲ್ಲ ಕಣಮ್ಮ" ಎಂದ.

ಒಪ್ಪಂದವಾಯಿತು. ಹಳೆಯ ತೀರ್ಮಾನ ರದ್ದು. ಚೀಟಿ ಹೊರಗಡೆ ಅಂಟಿಸಿ, ಬಾಗಿಲು ತೆರೆದು, ವ್ಯಾನಿನ ವಿಷಯವನ್ನು ಮೊದಲಿನಿಂದ ಮಾತಾಡಬೇಕು.

"ಹಂಗಾದ್ರೆ ವ್ಯಾನ್ ಉಳೀತಾ?" ಎಂದು ನಾನು ಓವೆನ್‌ನನ್ನೇ ಕೇಳಿದೆ.

"ಬಾಗ್ಲು ತೆಗ್ಸೋದಷ್ಟೇ ನನ್ ಕೆಲ್ಸ ಅಮ್ಮಾ. ವ್ಯಾನ್ ಅವರ ಕೈಲಿ."

ಅರ್ಧ ಪುಣ್ಯ. ಉಳಿದರ್ಧಕ್ಕೆ ಘಾಟಿಯ ಸ್ವಾಮಿಗೆ ಇನ್ನೊಮ್ಮೆ ನೆನಪು ಮಾಡಿದೆ.

ಮತ್ತೆ ಟೌನ್ ಹಾಲು

ಸಭೆಯ ಸಂಜೆ ಹಾಲು ತುಂಬಿತ್ತು. ಹೊಸ ಬಣ್ಣದ ವಾಸನೆ. ಓವೆನ್ ಹಿಂದಿನ ಸಾಲಿನಲ್ಲಿ ಕೂತಿದ್ದ. ನನ್ನಂಥ ಹೊರಗಿನವಳು ಕೂರಬಹುದೇ ಎಂದು ಕೇಳಿದರೆ, ಯಾರು ಬೇಕಾದರೂ ಕೂರಬಹುದು, ಹೆಸರು ಕೂಡ ಹೇಳಬೇಕಿಲ್ಲ ಎಂದರು. ಮುಂದಿನ ಸಾಲಿನಲ್ಲೇ ಕೂತೆ.

ಮಾತಾಡುವವರಿಗೆ ಮೂರು ನಿಮಿಷ. ಮುಗಿದರೆ ಗಂಟೆ ಹೊಡೆಯುತ್ತದೆ. ಒಬ್ಬ ವ್ಯಾನಿನ ಡೀಸೆಲ್ ದಂಡ ಎಂದ. ನಾಗು ಊರುಗೋಲಿನ ಮೇಲೆ ನಿಂತು, ಡಯಾಲಿಸಿಸ್ ಒಂದು ವಾರ ತಪ್ಪಿದರೆ ಏನಾಗುತ್ತದೆಂದು ನರ್ಸಿನ ಹಾಗೆ ಹೇಳಿದಳು. ಡಾರ್ಲೀನಳ ಸರದಿ ಬಂತು. ಇಷ್ಟು ದಿನ ಜಗಳವಾಡಿದವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಂಗೆ ಈ ಊರಲ್ಲೇ ಇರ್ಬೇಕು. ಅಷ್ಟೇ" ಎಂದಳು. ಗಂಟೆಗೆ ಇನ್ನೂ ಎಷ್ಟೋ ಹೊತ್ತಿತ್ತು. ಬಂದು ನನ್ನ ಪಕ್ಕ ಕೂತಳು. ಅವಳ ಕೈ ತಣ್ಣಗಿತ್ತು.

ಐವರೂ ತುಂಬ ಹೊತ್ತು ಎಲ್ಲರೆದುರೇ ವಾದ ಮಾಡಿದರು. ಕಡೆಗೆ ಲಿಂಡಾ ಒಂದು ದಾರಿ ಹೇಳಿದಳು: ದಿನವೂ ಓಡಿಸುವುದು ಬೇಡ, ಡಯಾಲಿಸಿಸ್ ಇರುವ ಮೂರು ಬೆಳಗ್ಗೆ ಮಾತ್ರ ಓಡಲಿ. ಗ್ಯಾರಿ ಕೈಯೆತ್ತಲು ಹೇಳಿದ.

ಲಿಂಡಾಳ ಕೈ ಮೇಲೆದ್ದಿತು. ಕನ್ನಡಕದವಳ ಕೈ ಎದ್ದಿತು. ಎತ್ತರದವಳು ಚಾವಣಿ ನೋಡುತ್ತ ಯೋಚಿಸಿದಳು. ಡಾರ್ಲೀನ್ ನನ್ನ ಬೆರಳುಗಳನ್ನು ಹಿಸುಕುತ್ತಿದ್ದಳು. ಮೂರನೆಯ ಕೈಯೂ ಎದ್ದಿತು. ಗ್ಯಾರಿಯೂ ಇನ್ನೊಬ್ಬನೂ ಎತ್ತಲಿಲ್ಲ. ಮೂರಕ್ಕೆ ಎರಡು! ನಾನು ಏಳಬೇಕು ಎನ್ನುವಷ್ಟರಲ್ಲಿ ಗ್ಯಾರಿ, "ತಾಳಿ" ಎಂದ. ಎತ್ತಿದ ಮೂರು ಕೈಗಳಲ್ಲೂ ಒಂದೇ ಥರದ ಹಳದಿ ದಾರ.

"ಬರೀ ತಿಂಡಿ ಅಂದ್ರಲ್ಲ, ಏನಿದು? ಮೊದ್ಲೇ ಮಾತಾಡ್ಕೊಂಡು ಗುರುತು ಕಟ್ಕೊಂಡ್ ಬಂದಿದೀರಾ?"

ಹಾಲು ಗುಜುಗುಜು ಎಂದಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಾನಾಗಿಯೇ ಬಿಚ್ಚಿಕೊಳ್ಳುವವರೆಗೂ ತೆಗೆಯಬೇಡಿ ಎಂದವಳು ನಾನು. ನಮ್ಮೂರಲ್ಲಿ ಹಾಗೆಂದರೆ ಮೂರನೆಯ ದಿನ ಪಾತ್ರೆ ಉಜ್ಜುವಾಗ ತೆಗೆದು ತುಳಸಿ ಗಿಡಕ್ಕೆ ಸುತ್ತುತ್ತಾರೆ. ಇವರು ಹೇಳಿದ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವ ಜನ, ಅರಿಶಿನ ಮಾಸಿದರೂ ತೆಗೆದಿರಲಿಲ್ಲ. ದಾರದಿಂದಾಗಿ ಈ ತೀರ್ಮಾನವೂ ರದ್ದಾಗುತ್ತದೆಯೇ?

ಡಾರ್ಲೀನ್ ನನ್ನನ್ನು ತಳ್ಳಿದಳು. "ಹೋಗು. ಹೇಳು."

ಮೈಕಿನ ಮುಂದೆ ನಿಂತೆ. ನಾಗು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಿದಳು.

"ನಂಗೆ ಮೂರು ನಿಮಿಷ ಬೇಡಪ್ಪ. ಇದು ವ್ರತದ ದಾರ. ಎಲ್ಲರ ಮನೆಯಲ್ಲೂ ಒಳ್ಳೇದಾಗ್ಲಿ ಅಂತ ಲಕ್ಷ್ಮಿ ಹತ್ರ ಕೇಳ್ಕೊಂಡು ನಾನೇ ಕಟ್ಟಿದ್ದು. ಇವರು ಮೂರು ಜನ ಒಂದ್ಕಡೆ ಕೂರ್ಲೇ ಇಲ್ಲ. ಒಬ್ರು ಅಡುಗೆಮನೆ, ಒಬ್ರು ದೇವ್ರ ಮುಂದೆ, ಒಬ್ರು ಜಗುಲಿ. ನಂಗೆ ಕಾಲು ನೋವು ಬಂತು. ನೋಡಿ, ಡಾರ್ಲೀನ್‌ಗೂ ಕಟ್ಟಿದೀನಿ, ನನ್ ಕೈಲೂ ಇದೆ. ಒಂದು ದಾರ ಇನ್ನೂ ಉಳಿದಿದೆ, ನಿಮ್ಗೂ ಕಟ್ಲಾ?"

ನಾಗು ಕೊನೆಯ ಮಾತನ್ನು ತಿರುಗಿಸಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ತಿರುಗಿಸಿದಳು. ಮೊದಲು ನಕ್ಕದ್ದು ಹಿಂದಿನ ಸಾಲಿನ ಓವೆನ್. ಆಮೇಲೆ ಇಡೀ ಹಾಲು.

ಗ್ಯಾರಿಯ ಕಿವಿ ಮತ್ತೆ ಕೆಂಪಗಾಯಿತು. "ತೀರ್ಮಾನ ಮೂರಕ್ಕೆ ಎರಡು, ಮಂಜೂರು" ಎಂದು ಸುತ್ತಿಗೆ ಕುಟ್ಟಿದ. ಆಮೇಲೆ ಮೈಕಿನಿಂದ ಬಾಯಿ ಸರಿಸಿ, "ಸಭೆ ಮುಗಿದ್ಮೇಲೆ ಬರ್ತೀನಿ" ಎಂದ. ಬಂದ ಕೂಡ. ಗಂಡಸಿಗೆ ಕಟ್ಟುವ ದಾರವಲ್ಲ ಅದು. ಲಕ್ಷ್ಮಿ ನನ್ನ ಕೈ ತಡೆಯಲಿಲ್ಲ, ಕಟ್ಟಿದೆ.

ನಾಗುವಿನ ವ್ಯಾಯಾಮದ ದಿನಗಳಿಗೆ ವ್ಯಾನಿಲ್ಲದಂತಾಯಿತು. "ಒಳ್ಳೇದೇ ಆಯ್ತು, ನಡಿ" ಎಂದು ಅವಳನ್ನು ನಾನೇ ನಡೆಸಿದೆ. ಹೊರಡುವ ಬೆಳಗ್ಗೆ ಪಕ್ಕದ ಮನೆಯ ಮುಂದೆ ಬಿಳಿ ವ್ಯಾನು ಹಾರನ್ ಮಾಡಿತು. ಡಾರ್ಲೀನ್ ಹತ್ತಿ ಕೈಬೀಸಿದಳು. ಕಿಟಕಿಯಲ್ಲಿ ಜಡ್ಜ್ ಕೂತು, ವ್ಯಾನನ್ನೂ ನನ್ನನ್ನೂ ಒಂದೇ ಸಮನೆ ಅನುಮಾನದಿಂದ ನೋಡುತ್ತಿತ್ತು.

ಘಾಟಿ, ಆಮೇಲೆ ನಮ್ಮ ಬೀದಿ

ಬಂದ ವಾರವೇ ಘಾಟಿಗೆ ಹೋದೆ. ಅಭಿಷೇಕಕ್ಕೆ ಅರ್ಚಕರು ಹೆಸರು ಕೇಳಿದರು.

"ಡಾರ್ಲೀನ್."

"ನಕ್ಷತ್ರ?"

"ಗೊತ್ತಿಲ್ಲ ಸ್ವಾಮಿ."

"ಗೋತ್ರ?"

"ಅಮೆರಿಕ."

ಅವರು ಒಮ್ಮೆ ನನ್ನ ಮುಖ ನೋಡಿ, ಶಿವಗೋತ್ರ ಎಂದು ಸೇರಿಸಿಕೊಂಡು ಸಂಕಲ್ಪ ಮಾಡಿದರು. ಸ್ವಾಮಿಗೆ ವಿಳಾಸ ಗೊತ್ತಿದೆ.

ಮನೆಗೆ ಬಂದರೆ ನಮ್ಮ ಮನೆಯವರು ಜಗುಲಿಯ ಮೇಲೆ ಕೂತು, "ನಾಳೆ ಹನ್ನೊಂದು ಗಂಟೆಗೆ ಗ್ರಾಮಸಭೆಯಂತೆ. ಪುಸ್ತಕ ಮನೆಗೇ ತರ್ತಾರೆ, ಒಂದು ಸೈನ್ ಹಾಕ್ಬಿಡು" ಎಂದರು.

ನಾನು ಒಳಗೆ ಹೋದೆ. ಹೆಸರುಬೇಳೆ ನೆನೆಹಾಕಿದೆ, ನಾಲ್ಕು ಸೇರಿನ ಪಾತ್ರೆಯಲ್ಲಿ. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಬೀದಿಗಿಳಿದೆ. ಮೊದಲನೆಯ ಮನೆಯ ಪುಟ್ಟಮ್ಮ ಕಸ ಗುಡಿಸುತ್ತಿದ್ದಳು.

"ನಾಳೆ ಹನ್ನೊಂದು ಗಂಟೆಗೆ ಅರಿಶಿನ ಕುಂಕುಮಕ್ಕೆ ಬಂದ್ಬಿಡಮ್ಮ. ಸೊಸೇನೂ ಕರ್ಕೊಂಡ್ ಬಾ."

"ಹಬ್ಬ ಮುಗ್ದು ಎಷ್ಟ್ ದಿನ ಆಯ್ತು! ಈಗ್ಯಾವ ಅರಿಶಿನ ಕುಂಕುಮ? ನಿಮ್ಮನೇಗಾ?"

"ಇಲ್ಲ ಕಣೇ" ಎಂದು ಅವಳ ಹಣೆಗೆ ಕುಂಕುಮ ಒತ್ತಿದೆ. "ಪಂಚಾಯ್ತಿ ಆಫೀಸಿಗೆ."